ಸಂಜೆ ಆರಕ್ಕೆ ಶುರುವಾಗುವ ಅಳು

ಮಗಳು ಚೊಚ್ಚಲ ಬಾಣಂತನಕ್ಕೆ ತಿಪಟೂರಿನ ನಮ್ಮ ಮನೆಗೆ ಬಂದಿದ್ದಳು. ಮೊದಲ ಎರಡು ವಾರ ಮನೆಯಲ್ಲಿ ಮಗು ಇದೆಯೋ ಇಲ್ಲವೋ ಅನ್ನುವ ಹಾಗಿತ್ತು. ಕುಡಿಯುವುದು, ಮಲಗುವುದು, ಅಷ್ಟೇ. ಹದಿನೇಳನೇ ದಿನ ನಾನು ದೇವರ ದೀಪ ಹಚ್ಚುತ್ತಿದ್ದೆ, ಒಳಗಿನ ಕೋಣೆಯಿಂದ ಕಿರುಚಾಟ ಕೇಳಿಸಿತು. ಹಸಿವಾದರೆ ಪಾಪು ಕುಂಯ್ ಕುಂಯ್ ಅಂತ ಶುರು ಮಾಡಿ ನಿಧಾನಕ್ಕೆ ದನಿ ಏರಿಸುತ್ತಿದ್ದ. ಇದು ಒಮ್ಮೆಲೇ ತಾರಕಕ್ಕೆ ಹೋದ ಅಳು. ಮುಖ ಕೆಂಪಗಾಗಿ, ಮುಷ್ಟಿ ಬಿಗಿದು, ಮೊಣಕಾಲು ಎರಡನ್ನೂ ಹೊಟ್ಟೆಗೆ ಸೆಳೆದುಕೊಂಡು ರಚ್ಚೆ ಹಿಡಿದಿದ್ದ. ಮೊಲೆ ಕೊಟ್ಟರೆ ಎರಡು ಗುಟುಕು ಕುಡಿದು ತಲೆ ಆಚೆ ತಿರುಗಿಸುತ್ತಿದ್ದ. ಎತ್ತಿಕೊಂಡರೂ ಅಳು, ತೊಟ್ಟಿಲು ತೂಗಿದರೂ ಅಳು. ರಾತ್ರಿ ಒಂಬತ್ತೂವರೆಗೆ ಜಡಿಮಳೆ ನಿಂತ ಹಾಗೆ ನಿಂತಿತು. ಮಲಗಿಬಿಟ್ಟ. ಮಾರನೇ ದಿನ ಮತ್ತೆ ಅದೇ ಹೊತ್ತಿಗೆ ಶುರು.

ಮೂರೇ ದಿನದಲ್ಲಿ ಎಲ್ಲರೂ ಒಂದೊಂದು ಕಾರಣ ಹೇಳಿದರು. ಬಾಣಂತಿ ಬದನೆಕಾಯಿ ತಿಂದಿದ್ದಾಳೆ ಅಂದರು ಪಕ್ಕದ ಮನೆಯವರು. ಕಿವಿಗೆ ಬಟ್ಟೆ ಕಟ್ಟಿಕೊಳ್ಳದೆ ಓಡಾಡ್ತಾಳೆ, ಶೀತ ಹಾಲಿಗೆ ಇಳಿದಿದೆ ಅಂದರು ಎರೆಯಲು ಬರುತ್ತಿದ್ದ ಅಜ್ಜಿ. ಹಾಲು ಸಾಲ್ತಿಲ್ಲವೇನೋ, ಡಬ್ಬಿ ಹಾಲು ಕೊಟ್ಟು ನೋಡಿ ಅಂತ ಫೋನಿನಲ್ಲಿ ಹೇಳಿದರು ನಮ್ಮ ಬೀಗಿತ್ತಿ. ಎಲ್ಲ ಮಾತೂ ಕೊನೆಗೆ ನನ್ನ ಮಗಳ ತಲೆ ಮೇಲೇ ಬಂದು ಕೂರುತ್ತಿತ್ತು. ನಾಲ್ಕನೇ ರಾತ್ರಿ ಅವಳು, "ಅಮ್ಮ, ನಂಗೆ ತಾಯಿ ಆಗೋಕೆ ಬರಲ್ಲ ಅನ್ಸತ್ತೆ" ಅಂದಳು. ಆ ಮಾತು ಕೇಳಿದ ಮೇಲೆ ನನಗೆ ಸುಮ್ಮನೆ ಕೂರಲಾಗಲಿಲ್ಲ. ಆಮೇಲಿನ ಮೂರು ತಿಂಗಳಲ್ಲಿ ನಾನು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇದು ಆ ಅಳುವೇ ಅಂತ ತಿಳಿಯುವುದು ಹೇಗೆ

ಡಾಕ್ಟರುಗಳು ಇದನ್ನು ಕಾಲಿಕ್ ಅನ್ನುತ್ತಾರೆ. ನಮ್ಮ ಕಡೆ ಹೊಟ್ಟೆ ನುಲಿತ, ಸಂಜೆ ಅಳು, ಏನೇನೋ ಹೆಸರಿವೆ. 1954ರಲ್ಲಿ ಅಮೆರಿಕದ ಮಕ್ಕಳ ಡಾಕ್ಟರ್ ಮಾರಿಸ್ ವೆಸೆಲ್ ಇದಕ್ಕೆ ಮೂರರ ಲೆಕ್ಕ ಕೊಟ್ಟರು. ಚೆನ್ನಾಗಿ ಹಾಲು ಕುಡಿದು ಬೆಳೆಯುತ್ತಿರುವ ಮಗು ದಿನಕ್ಕೆ 3 ಗಂಟೆಗಿಂತ ಜಾಸ್ತಿ, ವಾರದಲ್ಲಿ 3 ದಿನಕ್ಕಿಂತ ಜಾಸ್ತಿ, 3 ವಾರಕ್ಕಿಂತ ಜಾಸ್ತಿ ಕಾಲ ಅತ್ತರೆ ಅದು ಕಾಲಿಕ್. ಈಗಿನ ಡಾಕ್ಟರುಗಳು ಗಂಟೆ ಹಿಡಿದು ಕೂರುವುದಿಲ್ಲ. ಐದು ತಿಂಗಳೊಳಗಿನ ಮಗು, ಜ್ವರ ಇಲ್ಲ, ಕಾಯಿಲೆ ಇಲ್ಲ, ತೂಕ ಸರಿಯಾಗಿ ಏರುತ್ತಿದೆ, ಆದರೂ ಕಾರಣ ಕಾಣದೆ ಮತ್ತೆ ಮತ್ತೆ ತುಂಬಾ ಹೊತ್ತು ಅಳುತ್ತದೆ, ಏನು ಮಾಡಿದರೂ ಪೂರ್ತಿ ನಿಲ್ಲುವುದಿಲ್ಲ ಅಂದರೆ ಸಾಕು.

ಇದು ಸಾಮಾನ್ಯವಾಗಿ ಎರಡನೇ ಮೂರನೇ ವಾರದಲ್ಲಿ ಶುರುವಾಗುತ್ತದೆ. ಆರನೇ ವಾರದ ಹೊತ್ತಿಗೆ ತುದಿ ಮುಟ್ಟುತ್ತದೆ. ಮೂರು ನಾಲ್ಕು ತಿಂಗಳಿಗೆ ತಾನೇ ಇಳಿದುಹೋಗುತ್ತದೆ. ದಿನ ತುಂಬದೆ ಹುಟ್ಟಿದ ಮಗುವಾದರೆ ಹುಟ್ಟಬೇಕಿದ್ದ ದಿನದಿಂದ ಈ ಲೆಕ್ಕ ಹಾಕಿ. ಎದೆಹಾಲು ಕುಡಿಯುವ ಮಗುವಿಗೂ ಬರುತ್ತದೆ, ಡಬ್ಬಿ ಹಾಲಿನ ಮಗುವಿಗೂ ಬರುತ್ತದೆ. ಗಂಡು ಹೆಣ್ಣು ಅಂತಲೂ ಇಲ್ಲ. ಯಾಕೆ ಬರುತ್ತದೆ ಅನ್ನುವುದು ಡಾಕ್ಟರುಗಳಿಗೇ ಇನ್ನೂ ಪೂರ್ತಿ ತಿಳಿದಿಲ್ಲ. ಗ್ಯಾಸೇ ಕಾರಣ ಅಂತ ನಾವೆಲ್ಲ ಅಂದುಕೊಳ್ಳುತ್ತೇವೆ. ಆದರೆ ಅಷ್ಟು ಹೊತ್ತು ಬಾಯಿ ಬಿಟ್ಟು ಅತ್ತ ಮಗು ಗಾಳಿ ನುಂಗಿಯೇ ನುಂಗುತ್ತದೆ, ಹೊಟ್ಟೆ ಉಬ್ಬುವುದು ಎಷ್ಟೋ ಸಲ ಅತ್ತ ಮೇಲೆ.

ಆರನೇ ವಾರಕ್ಕೆ ಮೊದಲ ಸುತ್ತಿನ ದೊಡ್ಡ ಲಸಿಕೆ ಇರುತ್ತದೆ ಅಲ್ವಾ? ಅಳು ತುದಿ ಮುಟ್ಟುವುದೂ ಅದೇ ವಾರ. ಹಾಗಾಗಿ ಎಷ್ಟೋ ಮನೆಗಳಲ್ಲಿ "ಇಂಜೆಕ್ಷನ್ ಹಾಕಿಸಿದ ಮೇಲೇ ಹೀಗಾಯ್ತು" ಅನ್ನುತ್ತಾರೆ. ದಯವಿಟ್ಟು ಅದೊಂದು ಕಾರಣಕ್ಕೆ ಹತ್ತನೇ ವಾರದ, ಹದಿನಾಲ್ಕನೇ ವಾರದ ಲಸಿಕೆ ತಪ್ಪಿಸಬೇಡಿ.

ಒಂದು ನೋಟ್‌ಬುಕ್ ಇಡಿ

ನಾನು ಮೂವತ್ತು ವರ್ಷಕ್ಕೂ ಜಾಸ್ತಿ ಶಾಲೆಯಲ್ಲಿ ಹಾಜರಿ ಬರೆದವಳು. ಗೆರೆ ಎಳೆದು ಬರೆಯದಿದ್ದರೆ ನನಗೆ ತಲೆಗೆ ಹತ್ತುವುದಿಲ್ಲ. ಉದ್ದದ ನೋಟ್‌ಬುಕ್ಕಿನಲ್ಲಿ ಐದು ಅಂಕಣ ಹಾಕಿದೆ. ಎಷ್ಟು ಗಂಟೆಗೆ ಶುರು, ಎಷ್ಟು ಗಂಟೆಗೆ ನಿಂತಿತು, ಕೊನೆಯ ಸಲ ಹಾಲು ಯಾವಾಗ, ಮೂತ್ರ ಮಲ, ನಾವು ಏನು ಮಾಡಿದೆವು. ಒಂದು ಪುಟ ಹೀಗಿದೆ: "31ನೇ ದಿನ. 6:10ಕ್ಕೆ ಶುರು. 6:40 ಹಾಲು, ಎರಡು ನಿಮಿಷ ಕುಡಿದು ಬಿಟ್ಟ. 7:15 ಜಗಲಿಗೆ ಕರೆದುಕೊಂಡು ಹೋದೆ, ಹತ್ತು ನಿಮಿಷ ಸುಮ್ಮನಿದ್ದ. 8:05 ಹೂಸು ಬಿಟ್ಟ, ಆಮೇಲೂ ಅಳು. 9:20 ನಿದ್ದೆ. ಇವತ್ತು ಐದು ಜನ ನೋಡಲು ಬಂದಿದ್ದರು."

ಹತ್ತು ದಿನ ಬರೆದು ತಿರುಗಿಸಿ ನೋಡಿದಾಗ ಬದನೆಕಾಯಿ ಲೆಕ್ಕಕ್ಕೇ ಬರಲಿಲ್ಲ. ತಿಂದ ದಿನವೂ ಅಷ್ಟೇ ಅಳು, ಬಿಟ್ಟ ದಿನವೂ ಅಷ್ಟೇ. ಎದ್ದು ಕಂಡದ್ದು ಬೇರೆ. ನೆಂಟರು ಜಾಸ್ತಿ ಬಂದ ದಿನ, ಕೈಯಿಂದ ಕೈಗೆ ಹೋಗಿ ಮಧ್ಯಾಹ್ನ ನಿದ್ದೆ ತಪ್ಪಿದ ದಿನ ಅಳು ಮುಕ್ಕಾಲು ಗಂಟೆ ಜಾಸ್ತಿ ಇರುತ್ತಿತ್ತು. ಒಂದೂವರೆ ತಿಂಗಳ ಮಗು ಒಂದು, ಒಂದೂವರೆ ಗಂಟೆಗಿಂತ ಜಾಸ್ತಿ ಹೊತ್ತು ಎದ್ದಿದ್ದರೆ ಸುಸ್ತಾಗುತ್ತದೆ. ಸುಸ್ತಾದ ಮಗುವಿಗೆ ನಿದ್ದೆ ಮಾಡುವುದೇ ಕಷ್ಟ. ಆಮೇಲೆ ನಾನು ಧೈರ್ಯ ಮಾಡಿ ನಾಲ್ಕು ಗಂಟೆಯ ನಂತರ ಯಾರೂ ಬರಬೇಡಿ ಅಂತ ಎಲ್ಲರಿಗೂ ಹೇಳಿದೆ. ಒಬ್ಬಿಬ್ಬರು ಮುನಿಸಿಕೊಂಡರು. ಮುನಿಸಿಕೊಳ್ಳಲಿ.

ಅಳು ಎಷ್ಟು ಹೊತ್ತು ಅನ್ನುವುದರ ಅಂದಾಜೂ ಬರೆದರೇ ಸರಿ ಸಿಗುವುದು. ಮಗಳು "ರಾತ್ರಿಯಿಡೀ ಅಳ್ತಾನೆ" ಅನ್ನುತ್ತಿದ್ದಳು. ಪುಸ್ತಕದಲ್ಲಿ ಮೂರು ಗಂಟೆ ಹತ್ತು ನಿಮಿಷ ಇತ್ತು. ಅದನ್ನು ತೋರಿಸಿದ ದಿನ ಅವಳ ಮುಖ ಸ್ವಲ್ಪ ಸಡಿಲವಾಯಿತು. ಡಾಕ್ಟರಿಗೂ ಈ ಪುಸ್ತಕವನ್ನೇ ತೋರಿಸಿದೆವು. ಅವರು ಮೊದಲು ಮಗುವನ್ನು ತೂಗಿದರು. ಹುಟ್ಟಿದಾಗ 2.9 ಕೆಜಿ ಇದ್ದವನು ತಿಂಗಳಿಗೆ 3.8 ಆಗಿದ್ದ. ಈ ವಯಸ್ಸಿನಲ್ಲಿ ದಿನಕ್ಕೆ 20ರಿಂದ 30 ಗ್ರಾಂ ಏರಿದರೆ, ದಿನಕ್ಕೆ ಆರು ಸಲವಾದರೂ ಚೆನ್ನಾಗಿ ಮೂತ್ರ ಮಾಡಿದರೆ ಹಾಲು ಸಾಲುತ್ತಿದೆ ಅಂತ ಅರ್ಥ. ಅಳು ನೋಡಿ ಹಾಲಿನ ಅಳತೆ ಮಾಡಬೇಡಿ, ತಕ್ಕಡಿ ನೋಡಿ. ಅಂಗನವಾಡಿಯಲ್ಲೂ ತೂಗಿಸಬಹುದು.

ಕಾಲಿಕ್ ಅನ್ನುವ ಮುಂಚೆ ಬಟ್ಟೆ ಬಿಚ್ಚಿ ನೋಡಿ

ಹನ್ನೊಂದನೇ ವಾರ ಒಂದು ದಿನ ಬೆಳಿಗ್ಗೆ ಹನ್ನೊಂದಕ್ಕೆ ಪಾಪು ಕಿರುಚಲು ಶುರು ಮಾಡಿದ. ಅದು ಅವನ ಹೊತ್ತು ಅಲ್ಲ. ಪುಸ್ತಕದಲ್ಲಿ ಒಂದು ದಿನವೂ ಬೆಳಿಗ್ಗೆ ಹಾಗೆ ಅತ್ತಿರಲಿಲ್ಲ. ಟೋಪಿ, ಅಂಗಿ, ಲಂಗೋಟಿ, ಕಾಲುಚೀಲ ಎಲ್ಲ ಬಿಚ್ಚಿ ಕಿಟಕಿ ಬೆಳಕಿಗೆ ಮಲಗಿಸಿದೆ. ಎಡಗಾಲಿನ ಮೂರನೇ ಬೆರಳು ಕುಂಕುಮದ ಹಾಗೆ ಕೆಂಪಗಾಗಿ ಊದಿತ್ತು. ಟಾರ್ಚ್ ಹಿಡಿದು ನೋಡಿದರೆ ಬುಡದಲ್ಲಿ ಒಂದು ತಲೆಕೂದಲು ಎರಡು ಸುತ್ತು ಬಿಗಿದಿತ್ತು. ಹೆರಿಗೆಯಾಗಿ ಮೂರು ತಿಂಗಳ ಹೊತ್ತಿಗೆ ಬಾಣಂತಿಗೆ ಕೂದಲು ಉದುರುವುದು ಜಾಸ್ತಿ. ಒಂದು ಎಳೆ ಕಾಲುಚೀಲದ ಒಳಗೆ ಸೇರಿಕೊಂಡಿತ್ತು. ನನ್ನ ಉಗುರಿಗೆ ತುದಿ ಸಿಕ್ಕಿತು, ಬಿಡಿಸಿದೆ, ಐದು ನಿಮಿಷದಲ್ಲಿ ಮಗು ಸುಮ್ಮನಾಯಿತು. ತುದಿ ಸಿಗದಿದ್ದರೆ, ಬೆರಳು ನೀಲಿಯಾಗಿದ್ದರೆ ಮನೆಯಲ್ಲಿ ಕತ್ತರಿ ಹಾಕಲು ಹೋಗಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಗಂಡು ಮಗುವಾದರೆ ಶಿಶ್ನಕ್ಕೂ ಕೂದಲು ಸುತ್ತಿರಬಹುದು, ಅಲ್ಲೂ ನೋಡಿ. ಉಡಿದಾರ ಬಿಗಿಯಾಗಿದೆಯಾ, ಇರುವೆ ಕಚ್ಚಿದೆಯಾ, ಬೆನ್ನು ಬೆವೆತಿದೆಯಾ, ಕಣ್ಣು ಕೆಂಪಗಾಗಿದೆಯಾ ಅಂತಲೂ ನೋಡಿ. ತನ್ನ ಉಗುರಿನಿಂದಲೇ ಕಣ್ಣು ಗೀರಿಕೊಂಡಿರಬಹುದು.

ಕೆಲವು ಅಳು ಮನೆಯಲ್ಲಿ ಸಮಾಧಾನ ಮಾಡುವಂಥದ್ದಲ್ಲ. ಮೂರು ತಿಂಗಳೊಳಗಿನ ಮಗುವಿಗೆ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟಾಗ 99.5 ದಾಟಿದರೆ ಡಾಕ್ಟರಿಗೆ ಫೋನ್ ಮಾಡಿ. 100.4 ಮುಟ್ಟಿದರೆ ರಾತ್ರಿಯಾದರೂ ಸರಿ, ಹೊರಡಿ. ಹಸಿರು ವಾಂತಿ, ಮಲದಲ್ಲಿ ರಕ್ತ, ಉಬ್ಬಿ ಗಟ್ಟಿಯಾದ ಹೊಟ್ಟೆ, ತೊಡೆಸಂದಿಯಲ್ಲಿ ಗಂಟು, ಉಬ್ಬಿದ ನೆತ್ತಿ, ಹಾಲು ಪೂರ್ತಿ ಬಿಟ್ಟಿರುವುದು, ಎಬ್ಬಿಸಿದರೂ ಏಳದ ಮಂಪರು, ಉಸಿರಿಗೆ ಎದೆ ಸೆಳೆಯುವುದು, ದನಿಯೇ ಬದಲಾಗಿ ಕೀರಲು ಅಥವಾ ನರಳುವ ಅಳು, ಇವುಗಳಲ್ಲಿ ಒಂದಿದ್ದರೂ ಕಾಯಬೇಡಿ. ಮೇಲಿನಿಂದ ಬಿದ್ದಿದ್ದರೂ ಅಷ್ಟೇ. ಗಾಡಿ ಇಲ್ಲದಿದ್ದರೆ 108. ಮೂರು ತಿಂಗಳವರೆಗೆ ಆರಾಮಾಗಿದ್ದ ಮಗು ಹೊಸದಾಗಿ ರಚ್ಚೆ ಹಿಡಿದರೆ ಅದೂ ಕಾಲಿಕ್ ಅಂತ ಅಂದುಕೊಳ್ಳಬೇಡಿ, ತೋರಿಸಿ.

ಸಮಾಧಾನ ಮಾಡುವುದು

ಒಂದು ಉಪಾಯಕ್ಕೆ ಐದರಿಂದ ಹತ್ತು ನಿಮಿಷ ಕೊಡಿ. ನಾವು ಮೊದಮೊದಲು ಗಾಬರಿಯಲ್ಲಿ ನಿಮಿಷಕ್ಕೊಂದು ಮಾಡುತ್ತಿದ್ದೆವು. ಎತ್ತುವುದು, ಇಳಿಸುವುದು, ಗಿಲಕಿ ಆಡಿಸುವುದು, ಲೈಟ್ ಹಾಕುವುದು. ಅಷ್ಟು ಗದ್ದಲಕ್ಕೆ ಮಗು ಇನ್ನೂ ಕೆರಳುತ್ತಿತ್ತು.

ನಮ್ಮ ಪಾಪುಗೆ ಎಲ್ಲಕ್ಕಿಂತ ಚೆನ್ನಾಗಿ ಹಿಡಿಸಿದ್ದು ಮುಂಗೈ ಮೇಲೆ ಬೋರಲು ಹಾಕಿಕೊಳ್ಳುವುದು. ನಿಮ್ಮ ಎಡ ಮುಂಗೈಯನ್ನು ಹೊಟ್ಟೆಗೆ ಒತ್ತಿ ಅಡ್ಡ ಹಿಡಿಯಿರಿ. ಮಗುವನ್ನು ಅದರ ಮೇಲೆ ಬೋರಲು ಮಲಗಿಸಿ. ಕೆನ್ನೆ ನಿಮ್ಮ ಮೊಣಕೈ ಮಡಿಕೆಯಲ್ಲಿ, ಮೂಗು ಬಾಯಿ ಹೊರಗಡೆಗೆ. ಕಾಲು ನಿಮ್ಮ ಮುಂಗೈಯ ಎರಡೂ ಕಡೆ ಇಳಿಬಿಡಲಿ, ಅಂಗೈ ಅವನ ತೊಡೆಯನ್ನು ಹಿಡಿದಿರಲಿ. ಬಲಗೈ ಬೆನ್ನ ಮೇಲೆ. ಈಗ ನಿಧಾನಕ್ಕೆ ನಡೆಯಿರಿ, ಕುಲುಕಾಟ ಬೇಡ. ಹೊಟ್ಟೆಗೆ ನಿಮ್ಮ ಕೈಯ ಬಿಸಿ, ಹದವಾದ ಒತ್ತಡ ಎರಡೂ ಸಿಗುತ್ತದೆ. ನಮ್ಮ ಅಳಿಯಂದಿರು ಶನಿವಾರ ಸಂಜೆ ರೈಲಿಗೆ ಬೆಂಗಳೂರಿನಿಂದ ಬರುತ್ತಿದ್ದರು. ಮಗು ಎತ್ತಲು ಹೆದರುತ್ತಿದ್ದವರು. ಒಂದು ಶನಿವಾರ ಕಲಿಸಿಕೊಟ್ಟೆ. "ಅತ್ತೆ, ಇವನ ಹೊಟ್ಟೆ ಗುಡುಗುಡು ಅನ್ನೋದು ಕೈಗೇ ಗೊತ್ತಾಗತ್ತೆ" ಅಂದರು. ಅವರ ಮುಂಗೈ ಉದ್ದ, ಅಗಲ. ಪಾಪು ನನ್ನ ಕೈಗಿಂತ ಅವರ ಕೈಯಲ್ಲೇ ಬೇಗ ಸುಮ್ಮನಾಗುತ್ತಿದ್ದ. ಅಪ್ಪಂದಿರಿಗೆ ಈ ಕೆಲಸ ಕೊಡಿ, ಅವರಿಗೂ ಒಂದು ಹಿಡಿತ ಸಿಗುತ್ತದೆ. ನೆನಪಿರಲಿ, ಬೋರಲು ಅನ್ನುವುದು ಕೈಯಲ್ಲಿ ಇರುವಷ್ಟು ಹೊತ್ತು ಮಾತ್ರ. ಮಲಗಿಸುವಾಗ ಯಾವಾಗಲೂ ಅಂಗಾತ.

ಬಟ್ಟೆ ಸುತ್ತುವುದೂ ಕೆಲವು ಮಕ್ಕಳಿಗೆ ಹಿತ. ಹಳೇ ಹತ್ತಿ ಪಂಚೆ ಸಾಕು. ತೋಳು ಒಳಗಿರಲಿ, ಸೊಂಟದ ಕೆಳಗೆ ಸಡಿಲವಾಗಿರಲಿ. ಕಾಲು ನೇರ ಮಾಡಿ ಬಿಗಿದರೆ ಸೊಂಟದ ಕೀಲಿಗೆ ತೊಂದರೆ. ಬೇಸಿಗೆಯಲ್ಲಿ ಉಣ್ಣೆ ಟೋಪಿ, ಸ್ವೆಟರ್ ಹಾಕಿ ಮೇಲೆ ಸುತ್ತಬೇಡಿ. ಮಗ್ಗುಲಾಗಲು ಪ್ರಯತ್ನ ಮಾಡಿದ ದಿನದಿಂದ ಸುತ್ತುವುದು ನಿಲ್ಲಿಸಿ. ಸೀರೆ ಜೋಲಿಯಲ್ಲಿ ತೂಗಿದರೆ ಪಕ್ಕದಲ್ಲೇ ಇರಿ, ಗಲ್ಲ ಎದೆಗೆ ಒತ್ತಿಕೊಂಡು ಉಸಿರಿಗೆ ಅಡ್ಡಿಯಾಗಬಹುದು. ನಿದ್ದೆ ಬಂದ ಮೇಲೆ ಸಮತಟ್ಟಾದ ಕಡೆಗೆ ಮಲಗಿಸಿ.

ಒಂದೇ ಸಮನಾದ ಸದ್ದು ಕೂಡ ಕೆಲಸ ಮಾಡುತ್ತದೆ. ನಮ್ಮಲ್ಲಿ ಹಳೇ ಟೇಬಲ್ ಫ್ಯಾನಿನ ಸದ್ದಿಗೆ ಸುಮ್ಮನಾಗುತ್ತಿದ್ದ. ಗಾಳಿಯನ್ನು ಗೋಡೆ ಕಡೆಗೆ ತಿರುಗಿಸಿದ್ದೆ. ಕಿವಿಯ ಬಳಿ ಶ್... ಶ್... ಅನ್ನುವುದು, ಒಂದೇ ಧಾಟಿಯ ಜೋಗುಳ, ಎಲ್ಲ ಒಂದೇ. ಸಂಜೆ ಐದಕ್ಕೇ ಕೋಣೆಯ ದೊಡ್ಡ ಲೈಟ್ ಆರಿಸಿ, ಟಿವಿ ನಿಲ್ಲಿಸಿ. ಬಿಸಿಲು ತಗ್ಗಿದ ಮೇಲೆ ಜಗಲಿಗೋ ತೋಟಕ್ಕೋ ಕರೆದುಕೊಂಡು ಹೋಗಿ. ಹೊರಗಿನ ಗಾಳಿ ತಾಗಿದರೆ ಹತ್ತು ನಿಮಿಷವಾದರೂ ಸುಮ್ಮನಾಗುತ್ತಿದ್ದ.

ಹೊಟ್ಟೆ ನೀವುವುದಾದರೆ ಹಾಲು ಕುಡಿದ ತಕ್ಷಣ ಬೇಡ, ಅಳು ತಾರಕದಲ್ಲಿದ್ದಾಗಲೂ ಬೇಡ. ಅಂಗೈಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಉಜ್ಜಿ ಬಿಸಿ ಮಾಡಿಕೊಂಡು, ಗಡಿಯಾರದ ಮುಳ್ಳು ತಿರುಗುವ ಕಡೆಗೆ ಹೊಕ್ಕುಳ ಸುತ್ತ ಮೆಲ್ಲಗೆ ನೀವಿ. ಆಮೇಲೆ ಸೈಕಲ್ ತುಳಿದ ಹಾಗೆ ಕಾಲು ಆಡಿಸಿ. ಮೂಗು, ಕಿವಿಗೆ ಎಣ್ಣೆ ಬಿಡಬೇಡಿ. ಎರೆಯುವ ಅಜ್ಜಿಗೆ ಅದನ್ನು ಹೇಳಲು ನನಗೆ ಎಷ್ಟೋ ಸಂಕೋಚವಾಯಿತು, ಆದರೆ ಹೇಳಿದೆ. ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ.

ಹಾಲು ಕುಡಿಸುವಾಗ ಒಂದು ಕಡೆ ಪೂರ್ತಿ ಖಾಲಿಯಾಗಲಿ, ಆಮೇಲೆ ಇನ್ನೊಂದು ಕಡೆ. ತೊಟ್ಟು ಮಾತ್ರ ಅಲ್ಲ, ಸುತ್ತಲಿನ ಕಪ್ಪು ಭಾಗವೂ ಬಾಯೊಳಗೆ ಹೋಗಬೇಕು. ಇಲ್ಲದಿದ್ದರೆ ಗಾಳಿ ಸೇರುತ್ತದೆ. ಕುಡಿದ ಮೇಲೆ ಭುಜಕ್ಕೆ ಹಾಕಿಕೊಂಡು ತೇಗಿಸಿ. ಹತ್ತು ನಿಮಿಷ ಆದರೂ ತೇಗದಿದ್ದರೆ ಬಿಡಿ. ಬಾಟಲಿಯಾದರೆ ಮಗುವನ್ನು ನೆಟ್ಟಗೆ ಕೂರಿಸಿ ಕುಡಿಸಿ, ನಿಪ್ಪಲಿನ ತೂತು ದೊಡ್ಡದಿರಬಾರದು.

ಬಾಯಿಗೆ ಹಾಕುವ ವಿಷಯ

ನನ್ನಿಬ್ಬರು ಮಕ್ಕಳಿಗೆ ನಾನು ಗ್ರೈಪ್ ವಾಟರ್ ಕೊಟ್ಟಿದ್ದೆ. ನಮ್ಮಮ್ಮ ನನಗೆ ಕೊಟ್ಟಿದ್ದಳು. 1851ರಲ್ಲಿ ಇಂಗ್ಲೆಂಡಿನ ವಿಲಿಯಂ ವುಡ್‌ವರ್ಡ್ ಮಾಡಿದ ಔಷಧಿ ಅದು. ಮೊದಲಿನ ಕಾಲದಲ್ಲಿ ಅದರಲ್ಲಿ ಮದ್ಯವೂ ಇತ್ತು, ಸಕ್ಕರೆಯೂ ಇತ್ತು. ಮಗು ಮಂಪರಾಗಿ ಮಲಗುತ್ತಿದ್ದುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಈಗ ಮದ್ಯ ಇಲ್ಲ. ಆದರೆ ಅದರಿಂದ ಕಾಲಿಕ್ ಕಡಿಮೆಯಾಗುತ್ತದೆ ಅನ್ನುವುದಕ್ಕೆ ಆಧಾರವೂ ಇಲ್ಲ. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ಒಂದು ಚಮಚ ನೀರೂ ಬೇಡ ಅನ್ನುತ್ತಾರೆ. ಹಾಗಾಗಿ ಮೊಮ್ಮಗನಿಗೆ ಕೊಡಲಿಲ್ಲ. ಬಜೆ, ಅಳಲೆಕಾಯಿ ತೇಯ್ದು ನೆಕ್ಕಿಸುವುದು, ಓಮದ ನೀರು, ಹರಳೆಣ್ಣೆ ಯಾವುದೂ ಬೇಡ. ಜೇನುತುಪ್ಪವಂತೂ ಒಂದು ವರ್ಷದವರೆಗೆ ಮುಟ್ಟಿಸಬಾರದು. ಅದರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾದಿಂದ ಮಗುವಿನ ಸ್ನಾಯುಗಳೇ ಸೋತುಹೋಗುತ್ತವೆ. ಹೊಕ್ಕುಳ ಸುತ್ತ ಇಂಗು ಹಚ್ಚಿ ನೋಡಿದೆವು, ಬಳ್ಳಿ ಬಿದ್ದು ಒಣಗಿದ ಮೇಲೆ. ಪುಸ್ತಕದಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ.

ಅಂಗಡಿಯಿಂದ ನೀವೇ ಕೇಳಿ ತರುವ ಹೊಟ್ಟೆನೋವಿನ ಹನಿಗಳ ಬಗ್ಗೆ ತುಂಬಾ ಎಚ್ಚರ. ಡೈಸೈಕ್ಲೋಮಿನ್ ಅನ್ನುವ ಔಷಧಿ ಇರುವ ಹನಿ ಆರು ತಿಂಗಳೊಳಗಿನ ಮಕ್ಕಳಿಗೆ ಕೊಡಲೇಬಾರದು. ಉಸಿರಾಟ ನಿಂತುಹೋದ ಉದಾಹರಣೆಗಳಿವೆ. ನಮಗೂ ಮೊದಲು ತೋರಿಸಿದ ಒಂದು ಕಡೆ ಆ ಹನಿಯನ್ನೇ ಬರೆದುಕೊಟ್ಟಿದ್ದರು. ಚೀಟಿ ಓದಿ ಇನ್ನೊಬ್ಬ ಡಾಕ್ಟರನ್ನು ಕೇಳಿದ್ದು ಒಳ್ಳೆಯದಾಯಿತು. ಲೇಬಲ್ ಓದಿ, ಕೇಳಿ. ಗ್ಯಾಸಿಗೆ ಕೊಡುವ ಸಿಮೆಥಿಕೋನ್ ಹನಿಯಿಂದ ತೊಂದರೆ ಕಡಿಮೆ, ಉಪಯೋಗವೂ ಕಡಿಮೆ. ಎದೆಹಾಲು ಕುಡಿಯುವ ಕೆಲವು ಮಕ್ಕಳಿಗೆ ಲ್ಯಾಕ್ಟೊಬ್ಯಾಸಿಲಸ್ ರೂಟೆರಿ ಅನ್ನುವ ಪ್ರೊಬಯಾಟಿಕ್, ಅಂದರೆ ಹೊಟ್ಟೆಗೆ ಒಳ್ಳೆಯದಾದ ಬ್ಯಾಕ್ಟೀರಿಯಾ ಇರುವ ಹನಿಯಿಂದ ಅಳು ಸ್ವಲ್ಪ ಇಳಿದಿದೆ. ಅದನ್ನೂ ಡಾಕ್ಟರನ್ನು ಕೇಳಿಯೇ ಕೊಡಿ.

ಇನ್ನು ಪಥ್ಯ. ಮಲದಲ್ಲಿ ಲೋಳೆ, ರಕ್ತ, ಮೈಮೇಲೆ ಕಜ್ಜಿಯಂಥ ಗಂದೆ, ಮತ್ತೆ ಮತ್ತೆ ವಾಂತಿ ಇದ್ದರೆ ಹಸುವಿನ ಹಾಲಿನ ಅಲರ್ಜಿ ಇರಬಹುದು. ಆಗ ಡಾಕ್ಟರ್ ಹೇಳಿದರೆ ತಾಯಿ ಎರಡರಿಂದ ನಾಲ್ಕು ವಾರ ಹಾಲು, ಮೊಸರು ಬಿಟ್ಟು ನೋಡಬಹುದು. ಅದಿಲ್ಲದೆ ಬಾಣಂತಿಗೆ ಬೇಳೆ ಬೇಡ, ತರಕಾರಿ ಬೇಡ, ನೀರು ಬೇಡ ಅಂತ ಒಣ ಅನ್ನ ಮೆಣಸಿನಪುಡಿ ಹಾಕುವುದು ಅನ್ಯಾಯ. ಹಾಲು ಕುಡಿಸುವವಳಿಗೆ ಹೊಟ್ಟೆ ತುಂಬಾ ಊಟ ಬೇಕು.

ದೃಷ್ಟಿ ತೆಗೆಯುವುದಾದರೆ ತೆಗೆಯಿರಿ, ನಾನೂ ತೆಗೆದೆ. ಮೆಣಸಿನಕಾಯಿ ಸುಡುವುದು ಮಾತ್ರ ಹಿತ್ತಲಲ್ಲಿ ಇರಲಿ. ಸಾಂಬ್ರಾಣಿ ಹೊಗೆಯನ್ನೂ ಮಗುವಿನ ಕೋಣೆಗೆ ತರಬೇಡಿ.

ತಾಯಿಯನ್ನು ನೋಡಿಕೊಳ್ಳಿ

ಏಳನೇ ವಾರ ಒಂದು ರಾತ್ರಿ ಮಗಳು ಪಾಪುವನ್ನು ನನ್ನ ಕೈಗೆ ಕೊಟ್ಟು, "ಅಮ್ಮ, ತಗೋ ಇವನನ್ನ, ಎಸೆದುಬಿಡ್ತೀನೇನೋ ಅಂತ ಭಯ ಆಗ್ತಿದೆ" ಅಂದಳು. ಅವಳ ಕೈ ನಡುಗುತ್ತಿತ್ತು. ನಾನು ಬೈಯಲಿಲ್ಲ. "ಕೊಟ್ಟಿದ್ದು ಒಳ್ಳೇದಾಯ್ತು ಪುಟ್ಟಿ, ಹೋಗಿ ಹಿತ್ತಲಲ್ಲಿ ಕೂತ್ಕೊ" ಅಂದೆ. ಬಾವಿಕಟ್ಟೆ ಮೇಲೆ ಅರ್ಧ ಗಂಟೆ ಕೂತು ಬಂದಳು. ಮಾರನೇ ದಿನದಿಂದ ಸಂಜೆ ಅಳುವನ್ನು ಪಾಳಿ ಹಾಕಿ ಹಂಚಿಕೊಂಡೆವು. ಅರ್ಧ ಗಂಟೆ ನಾನು, ಅರ್ಧ ಗಂಟೆ ಅವಳು, ನಡುವೆ ನಮ್ಮ ಯಜಮಾನರು.

ಇಂಥ ಕೋಪ ಯಾವ ತಾಯಿಗೂ ಬರಬಹುದು. ಬಂದರೆ ನೀವು ಕೆಟ್ಟವರಲ್ಲ. ಆದರೆ ಮಗುವನ್ನು ಯಾವತ್ತೂ ಜೋರಾಗಿ ಅಲುಗಾಡಿಸಬಾರದು. ಎಳೆ ಮಗುವಿನ ಕತ್ತಿಗೆ ಬಲ ಇರುವುದಿಲ್ಲ, ಕೆಲವೇ ಸೆಕೆಂಡಿನ ಕುಲುಕಾಟಕ್ಕೆ ಮಿದುಳಲ್ಲಿ, ಕಣ್ಣಲ್ಲಿ ರಕ್ತಸ್ರಾವ ಆಗಿ ಜೀವವೇ ಹೋಗಬಹುದು. ಮನೆಯಲ್ಲಿ ಒಬ್ಬರೇ ಇದ್ದು ಸಹನೆ ಮೀರಿತು ಅನ್ನಿಸಿದರೆ ಮಗುವನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ದಿಂಬು ಹೊದಿಕೆ ತೆಗೆದು, ಬಾಗಿಲು ಮುಂದೆ ಮಾಡಿ ಹತ್ತು ನಿಮಿಷ ಹೊರಗೆ ಬನ್ನಿ. ನೀರು ಕುಡಿಯಿರಿ, ಯಾರಿಗಾದರೂ ಫೋನ್ ಮಾಡಿ. ಹತ್ತು ನಿಮಿಷ ಅತ್ತರೆ ಮಗುವಿಗೆ ಏನೂ ಆಗುವುದಿಲ್ಲ.

ಬಾಣಂತಿ ಎರಡು ವಾರಕ್ಕೂ ಜಾಸ್ತಿ ಮಂಕಾಗಿದ್ದರೆ, ಮಗು ಮಲಗಿದಾಗಲೂ ಅವಳಿಗೆ ನಿದ್ದೆ ಬಾರದಿದ್ದರೆ, ತನಗೆ ಅಥವಾ ಮಗುವಿಗೆ ಏನಾದರೂ ಮಾಡಿಬಿಡುತ್ತೇನೆ ಅನ್ನುವ ಯೋಚನೆ ಬಂದರೆ ಅದನ್ನು ಬಾಣಂತಿ ಸನ್ನಿ ಅಂತ ಮುಚ್ಚಿಡಬೇಡಿ. ಡಾಕ್ಟರಿಗೆ ತೋರಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಆಶಾ ಕಾರ್ಯಕರ್ತೆ ಮನೆಗೆ ಬಂದಾಗ ಮಗುವಿನ ಬಗ್ಗೆ ಮಾತ್ರ ಅಲ್ಲ, ಇದನ್ನೂ ಹೇಳಿ.

ನಮ್ಮ ಪಾಪುವಿನ ಅಳು ಹತ್ತನೇ ವಾರದಿಂದ ಇಳಿಯುತ್ತಾ ಬಂತು. ಮೂರು ಗಂಟೆ ಎರಡಾಯಿತು, ಒಂದಾಯಿತು. ಪುಸ್ತಕದಲ್ಲಿ ನಾನು ಬರೆದ ಕೊನೆಯ ಸಾಲು 103ನೇ ದಿನದ್ದು: "6:30ಕ್ಕೆ ಎದ್ದ. ಫ್ಯಾನ್ ನೋಡುತ್ತಾ ಮಲಗಿದ್ದ. ಅಳಲಿಲ್ಲ." ಅರ್ಧದಷ್ಟು ಹಾಳೆ ಹಾಗೇ ಖಾಲಿ ಉಳಿದಿದ್ದವು. ಮೊನ್ನೆ ಹಿಂದಿನ ಬೀದಿಯ ಹುಡುಗಿಗೆ ಆ ಪುಸ್ತಕ ಕೊಟ್ಟೆ. ಅವಳ ಮಗುವಿಗೆ ಈಗ ಐದನೇ ವಾರ.